ಹಿಡಿದಾಗಿನ ಸಪ್ಪಳ

ಕ್ರೀಡಾ ಸಾಕ್ಷ್ಯಚಿತ್ರಗಳ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಕೇಳುವುದು ಕ್ಯಾಮೆರಾ ಯಾವುದು ಎಂದು. ನನ್ನ ಇಡೀ ಸೇವೆಯಲ್ಲಿ ಒಬ್ಬರಾದರೂ ಹತ್ತಿರ ಬಂದು, “ಶರಣಪ್ಪನವರೇ, ಮೈಕ್ ಯಾವುದು ತಂದೀರಿ?” ಎಂದು ಕೇಳಿದ್ದಿಲ್ಲ. ಟಿವಿಯಲ್ಲಿ ಧ್ವನಿ ಹಿಡಿಯುವವನೆಂದರೆ ಮದುವೆ ಊಟದಲ್ಲಿ ನೀರು ಬಡಿಸುವವನಿದ್ದಂತೆ. ಇದ್ದಾಗ ಯಾರೂ ನೋಡುವುದಿಲ್ಲ, ಇಲ್ಲದಿದ್ದರೆ ಎಲ್ಲರೂ ಕೂಗುತ್ತಾರೆ. ನಿವೃತ್ತನಾಗಿ ರಾಯಚೂರಿನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿರುವ ಈ ಹೊತ್ತಿನಲ್ಲೂ ಪಕ್ಕದ ಮನೆಯವರು ನಾನು ಟಿವಿ ರಿಪೇರಿ ಮಾಡುತ್ತಿದ್ದೆನೆಂದೇ ತಿಳಿದಿದ್ದಾರೆ. ಮೊನ್ನೆ ಮಿಕ್ಸರ್ ತಂದುಕೊಟ್ಟು ಹೋದರು.

ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅವು ನನ್ನ ಹೆಂಡತಿಗೇ ನೆನಪಿಲ್ಲ. ಬರೆಯಬೇಕೆನಿಸಿದ್ದು ಹೆಡ್‌ಫೋನಿನಲ್ಲಿ ಕೇಳಿದ ಕೆಲವು ಸಂಗತಿಗಳನ್ನು; ಅದರಲ್ಲೂ ದೇವದುರ್ಗ ತಾಲೂಕಿನ ದುರುಗಮ್ಮ ಎಂಬ ಕಬಡ್ಡಿ ಆಟಗಾರ್ತಿಯ ಸಂಗತಿಯನ್ನು. ಅವಳನ್ನು ನೆನೆದರೆ ಇವತ್ತಿಗೂ ನನಗೆ ಬೆರಗು. ಆದರೆ ನೇರವಾಗಿ ಅವಳ ಹತ್ತಿರ ಹೋದರೆ ನಾವು ಎಂಥ ಜನ, ಏನು ಕೆಲಸ ಮಾಡುತ್ತಿದ್ದೆವು ಎಂಬುದು ಗೊತ್ತಾಗುವುದಿಲ್ಲ. ಮೊದಲು ಅದು.

ನಮ್ಮದು ಚಿಕ್ಕ ತಂಡ. ನಿರ್ದೇಶಕಿ ವೀಣಾ ಮೇಡಂ, ಧಾರವಾಡದವರು. ಕ್ಯಾಮೆರಾದ ರಫೀಕ್, ನಮ್ಮ ರಾಯಚೂರಿನ ಹುಡುಗನೇ. ಹುಡುಗ ಎಂದರೆ ಆಗಲೇ ಅವನಿಗೆ ಅರ್ಧ ತಲೆ ನರೆತಿತ್ತು. ಮತ್ತೆ ನಾನು. ಬೆಂಗಳೂರಿನ ಒಂದು ವಾಹಿನಿಗೆ ಹಳ್ಳಿಯ ಆಟಗಳ ಬಗ್ಗೆ ಚಿತ್ರ ಮಾಡಿಕೊಡುತ್ತಿದ್ದೆವು. ಆಟ ತೋರಿಸುವುದು ಬೇರೆ, ಆಟದ ಬಗ್ಗೆ ಚಿತ್ರ ಮಾಡುವುದು ಬೇರೆ ಎಂಬುದನ್ನು ಮೇಡಂ ನನಗೆ ಮೊದಲ ದಿನವೇ ಹೇಳಿದ್ದರು. ಅಂದು ರಾಯಚೂರು ಪೇಟೆಯ ತೀನ್ ಕಂದೀಲ್ ವೃತ್ತದ ಹಿಂದಿನ ಒಂದು ಹಳೆಯ ಗರಡಿಯಲ್ಲಿ ಕುಸ್ತಿ ಚಿತ್ರೀಕರಣಕ್ಕೆ ಹೋಗಿದ್ದೆವು.

“ಕುಸ್ತಿ ಎಲ್ಲಾರೂ ತೋರಸ್ತಾರ, ಶರಣಪ್ಪ. ಕುರ್ಚಿ ಮ್ಯಾಲೆ ಯಾರು ಕೂತಾರ, ನೆಲದ ಮ್ಯಾಲೆ ಯಾರು ಕೂತಾರ, ಮಾಳಿಗಿ ಮ್ಯಾಲಿಂದ ಯಾರು ಇಣಕಿ ನೋಡಾಕತ್ತಾರ, ಅದನ್ನ ನೋಡ್ರಿ,” ಎಂದರು.

ನಾನು ಮನಸ್ಸಿನಲ್ಲೇ ನಕ್ಕೆ. ಕುರ್ಚಿ ನೋಡಲು ಧಾರವಾಡದಿಂದ ಬಂದರಲ್ಲ ಎಂದುಕೊಂಡೆ. ಅಂದು ಕುಸ್ತಿಗೆ ಮೊದಲು ಊರಿನ ಒಬ್ಬ ನಾಯಕರು ಹಿಂಬಾಲಕರೊಂದಿಗೆ ಬಂದು ಅಖಾಡದ ಪಕ್ಕ ನಿಂತು ಭಾಷಣ ಶುರುಮಾಡಿದರು. ಮುಗಿಯುವ ಲಕ್ಷಣ ಕಾಣಲಿಲ್ಲ. ಅದೇ ಹೊತ್ತಿಗೆ ಗರಡಿಯ ಮುದಿ ಉಸ್ತಾದರು ಇಬ್ಬರು ಪೈಲ್ವಾನರ ಹೆಗಲಿಗೆ ಕೆಂಪು ಮಣ್ಣು ತಿಕ್ಕುತ್ತ ತಮ್ಮಷ್ಟಕ್ಕೆ ಏನೋ ಹೇಳುತ್ತಿದ್ದರು. ಒಬ್ಬ ಹಿಂದೂ ಹುಡುಗ, ಇನ್ನೊಬ್ಬ ಮುಸಲ್ಮಾನರ ಹುಡುಗ. ನನ್ನ ಕಿವಿ ಆ ಕಡೆ ಹೋಯಿತು, ಕಿವಿಯ ಹಿಂದೆ ಮೈಕೂ ಹೋಯಿತು.

“ಮಣ್ಣ ಹಚಗೊಂಡ ಮ್ಯಾಲೆ ನೀ ಯಾರ ಮಗ ಅಂತ ನಾ ಕೇಳಂಗಿಲ್ಲ, ಅಂವ ಯಾರ ಮಗ ಅಂತ ನೀ ಕೇಳಂಗಿಲ್ಲ. ಇಲ್ಲಿ ಮಣ್ಣೊಂದ ಕೇಳತದ, ಎಷ್ಟ ಬೆವರ ಹಾಕ್ತಿ ಅಂತ.”

ಭಾಷಣದ ಒಂದಕ್ಷರವೂ ದಾಖಲಾಗಿರಲಿಲ್ಲ. ಚಿತ್ರ ಪ್ರಸಾರವಾದಾಗ ನಾಯಕರ ಬಾಯಿ ಆಡುತ್ತಿತ್ತು, ಉಸ್ತಾದರ ಮಾತು ಕೇಳುತ್ತಿತ್ತು. ನಾಯಕರು ವಾಹಿನಿಗೆ ಫೋನ್ ಮಾಡಿದರು, ವಾಹಿನಿಯವರು ನನಗೆ ಫೋನ್ ಮಾಡಿದರು. ಬೈಗುಳ ಪೂರಾ ತಿಂದೆ. ಮೇಡಂ ಮಾತ್ರ, “ಹಂಗ ಇರಲಿ ಬಿಡ್ರಿ, ಅವರ ಭಾಷಣಾನೂ ಇಷ್ಟ ಚಲೋ ಇರತಿರಲಿಲ್ಲ,” ಎಂದು ಕೈ ತೊಳೆದುಕೊಂಡರು.

ಮಾನ್ವಿಯಲ್ಲಿ ಹೆಣ್ಣುಮಕ್ಕಳ ಖೋ ಖೋ ಚಿತ್ರೀಕರಿಸುವಾಗ ಬೇರೊಂದು ಪಾಠವಾಯಿತು. ತಂಡದಲ್ಲಿ ಹೊಸದಾಗಿ ಮದುವೆಯಾದ ಒಬ್ಬಳಿದ್ದಳು. ಕೈತುಂಬ ಹಸಿರು ಬಳೆ. ಅವಳು ಓಡಿದರೆ ನನ್ನ ಹೆಡ್‌ಫೋನಿನಲ್ಲಿ ಗಾಜಿನ ಅಂಗಡಿ ಉರುಳಿದಂತೆ. ಅಂಕಣದ ಗೆರೆಗೆ ಅಂಟಿಕೊಂಡು ಅವಳ ಅತ್ತೆ ದಿನವೂ ಕೂರುತ್ತಿದ್ದಳು. ಸೊಸೆಯನ್ನು ಕಾಯಲು ಬಂದಿದ್ದಾಳೆ, ಆಟ ಬಿಡಿಸಲು ಹೊಂಚು ಹಾಕುತ್ತಿದ್ದಾಳೆ ಎಂದು ನಾವು ಮೂವರೂ ತೀರ್ಮಾನಿಸಿ, ಚಿತ್ರದ ಖಳನಾಯಕಿ ಸಿಕ್ಕಳೆಂದು ಒಳಗೊಳಗೇ ಖುಷಿಪಟ್ಟಿದ್ದೆವು. ಧೈರ್ಯ ಮಾಡಿ ಅವಳ ಹತ್ತಿರ ಹೋಗಿ, “ಯವ್ವಾ, ಸೊಸಿ ಬಳಿ ಒಂದೀಟ ತಗಸ್ತೀರೇನು? ಸಪ್ಪಳ ಭಾಳ ಆಗತದ,” ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಬಳಿ ಸಪ್ಪಳ ಬ್ಯಾಡಾಗಿದ್ರ ಗಂಡಸರ ಆಟ ತಕ್ಕೊ ಹೋಗೋ ಯಪ್ಪಾ,” ಎಂದಳು. ಆಮೇಲೆ ತನ್ನ ಸೆರಗಿನ ಅಂಚು ಹರಿದು ಸೊಸೆಯ ಬಳೆಗಳ ಮೇಲೆ ತಾನೇ ಬಿಗಿಯಾಗಿ ಸುತ್ತಿ, “ಓಡ ಬೇ,” ಎಂದು ಬೆನ್ನಿಗೆ ಗುದ್ದಿ ಕಳಿಸಿದಳು. ಆಟ ಏರಿದ ಮೇಲೆ ಎದುರು ತಂಡದವರಿಗೆ ಅವಳು ಬೈದ ಬೈಗುಳಗಳನ್ನು ಪ್ರಸಾರ ಮಾಡುವಂತಿರಲಿಲ್ಲ. ಖಳನಾಯಕಿ ಕೈತಪ್ಪಿ ಹೋದಳು. ನನಗಂತೂ ಅವಳ ಮುಂದೆ ಕೈಮುಗಿದು ನಿಲ್ಲಬೇಕೆನಿಸಿತು.

ಈಗ ಕೆಲಸದ ರೀತಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಸೇರಿದಾಗ ಉದ್ದ ಕೋಲಿನ ತುದಿಗೆ ಮೈಕ್ ಕಟ್ಟಿಕೊಂಡು ಗೆರೆಯಾಚೆ ನಿಲ್ಲುತ್ತಿದ್ದೆವು. ಗಾಳಿ ಹೊಡೆಯದಿರಲಿ ಎಂದು ಅದಕ್ಕೆ ಕೂದಲಿನ ಗವುಸು ಹಾಕುತ್ತಿದ್ದೆವು. ಹಳ್ಳಿಗಳಲ್ಲಿ ಎಲ್ಲರೂ ಅದನ್ನು ಮುಂಗುಸಿ ಎನ್ನುತ್ತಿದ್ದರು, ಕೊನೆಗೆ ನಾವೂ ಹಾಗೇ ಕರೆಯತೊಡಗಿದೆವು. ಆಮೇಲೆ ಅಂಗಿಯ ಕೊರಳಪಟ್ಟಿಯಲ್ಲಿ ಬಚ್ಚಿಡುವ ಗುಂಡುಸೂಜಿ ತಲೆಯಷ್ಟು ಮೈಕ್ ಬಂತು. ಅದು ಬಂದಮೇಲೆ ನಾವು ಆಟಗಾರರ ಉಸಿರಿನೊಳಗೇ ಹೊಕ್ಕೆವು. ಮೊದಲ ಸಲ ಕಬಡ್ಡಿಯಲ್ಲಿ ಎದುರು ಅಂಕಣಕ್ಕೆ ನುಗ್ಗುವ ಒಬ್ಬ ರೈಡರ್‌ನ ಎದೆಬಡಿತ ಕಿವಿಗೆ ಬಿದ್ದಾಗ ನನ್ನ ಮೈ ಜುಮ್ಮೆಂದಿತ್ತು.

ಇನ್ನೊಂದು ಗುಟ್ಟು. ಟಿವಿಯಲ್ಲಿ ಕೇಳುವ ಆಟದ ಸಪ್ಪಳವೆಲ್ಲ ಅಲ್ಲೇ ಆದದ್ದಲ್ಲ. ನಮ್ಮ ಬಳಿ ಒಂದು ಸಪ್ಪಳದ ಭಂಡಾರ ಇರುತ್ತದೆ. ಚೆಂಡು ಬಿದ್ದದ್ದು, ಜನ ಕೂಗಿದ್ದು, ಕಬಡ್ಡಿಯಲ್ಲಿ ಮೈಗೆ ಮೈ ಬಡಿದು ನೆಲಕ್ಕುರುಳಿದ್ದು, ಎಲ್ಲವನ್ನೂ ಕೂಡಿಟ್ಟಿರುತ್ತೇವೆ. ದಾಖಲಾದದ್ದು ಸಪ್ಪೆ ಎನಿಸಿದಲ್ಲಿ ಅಲ್ಲಿಂದ ತೆಗೆದು ಒಂದು ಚಿಟಿಕೆ ಹಾಕುತ್ತೇವೆ. ಸಾರಿಗೆ ಉಪ್ಪು ಹಾಕಿದಷ್ಟು ಸಹಜವಾಗಿ ನಡೆಯುವ ಕೆಲಸ ಅದು, ಯಾರೂ ಎರಡನೇ ಸಲ ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ.

ದುರುಗಮ್ಮನ ಊರು ಗಬ್ಬೂರು ದಾಟಿದ ಮೇಲೆ ಸಿಗುತ್ತದೆ. ಹೆಸರು ಬರೆಯುವುದಿಲ್ಲ, ಅವಳ ಮನೆಯವರು ಇನ್ನೂ ಅಲ್ಲೇ ಬದುಕುತ್ತಿದ್ದಾರೆ. ಅಲ್ಲಿ ತರಬೇತುದಾರರಿಲ್ಲದೆ, ಮೊಬೈಲಿನಲ್ಲಿ ಆಟ ನೋಡಿ ತಾವೇ ಕಲಿತ ಹುಡುಗಿಯರ ಒಂದು ಕಬಡ್ಡಿ ತಂಡವಿದೆ, ಸುತ್ತಲ ಊರುಗಳಲ್ಲೆಲ್ಲ ಗೆದ್ದು ಬರುತ್ತಿದೆ ಎಂದು ಸುದ್ದಿ ಬಂದಿತ್ತು. ಹೋಗಿ ನೋಡಿದರೆ ನಿಜ. ಆ ತಂಡದ ಜೀವವೇ ದುರುಗಮ್ಮ. ಹತ್ತೊಂಬತ್ತರ ಪ್ರಾಯ, ಎತ್ತರದ ಆಳು. ಊರಾಚೆಯ ದಲಿತರ ಕೇರಿಯವಳು. ವರ್ಷದಲ್ಲಿ ಅರ್ಧ ಕಾಲ ತಾಯಿ ಈರಮ್ಮನ ಜೊತೆ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಸಿಮೆಂಟಿನ ಬುಟ್ಟಿ ಹೊತ್ತು ಏಣಿ ಹತ್ತಿದ ಕಾಲುಗಳು ಅವು. ಅವಳು ರೈಡಿಗೆ ಹೊರಟರೆ ನೆಲ ಅವಳಿಗಾಗಿ ದಾರಿ ಬಿಟ್ಟಂತೆ ಕಾಣುತ್ತಿತ್ತು.

“ದುರುಗಮ್ಮನ್ನ ಹಿಡಿಯೋರು ಇನ್ನ ಹುಟ್ಟಿಲ್ರೀ,” ಎಂದು ಊರಿನವರು ಹೆಮ್ಮೆಯಿಂದಲೇ ಹೇಳಿದರು. ಮೂರು ಪಂದ್ಯ ಚಿತ್ರೀಕರಿಸಿದೆವು, ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಹೋಗುವಳು, ಎದುರಿನವರು ಗೆರೆ ದಾಟಿ ಔಟಾಗುವರು, ಇವಳು ತಿರುಗಿ ಬರುವಳು. ಬೆಂಗಳೂರಿನಲ್ಲಿ ಚಿತ್ರಕ್ಕೆ ಆಗಲೇ ಹೆಸರಿಟ್ಟಾಗಿತ್ತು: ‘ಯಾರೂ ಹಿಡಿಯದ ಹುಡುಗಿ’.

ನನಗೊಂದು ತೊಂದರೆ ಶುರುವಾಯಿತು. ಅವಳ ಕೊರಳಪಟ್ಟಿಯ ಮೈಕಿನಲ್ಲಿ ಕಬಡ್ಡಿ ಕಬಡ್ಡಿ ಎಂಬ ದನಿ ಸ್ಫಟಿಕದಂತೆ ಬರುತ್ತಿತ್ತು. ಆದರೆ ಆಟದ ಬಿಸಿ ಏರುವ ಕಡೆ, ಅಂಗೈ ಮೈಗೆ ಬಡಿಯುವ ಕಡೆ, ಏನೂ ಇಲ್ಲ. ಮೈಕ್ ಕೆಟ್ಟಿದೆ ಎಂದುಕೊಂಡೆ. ತಂತಿ ಬದಲಿಸಿದೆ, ಬ್ಯಾಟರಿ ಬದಲಿಸಿದೆ. ರಫೀಕ್, “ಕುಣಿಯಲಾರದಾಕಿ ನೆಲ ಡೊಂಕ ಅಂದ್ಲಂತ. ಮೈಕ್ ಚಲೋ ಅದ, ಕಿವಿ ತೋರಸ್ಕೊ ಶರಣಪ್ಪಣ್ಣ,” ಎಂದು ಕಾಲೆಳೆದ. ಅದೇ ಮೈಕನ್ನು ಇನ್ನೊಬ್ಬ ಹುಡುಗಿಗೆ ಹಾಕಿದೆ. ಅವಳನ್ನು ಹಿಡಿದು ಕೆಡವಿದ ಸಪ್ಪಳ ಕಿವಿ ಕಿತ್ತುಹೋಗುವಂತೆ ಬಂತು. ಮತ್ತೆ ದುರುಗಮ್ಮನಿಗೆ ಹಾಕಿದೆ, ಮತ್ತೆ ನಿಶ್ಶಬ್ದ. ಇವಳ ವೇಗವೇ ಅಂಥದ್ದು ಎಂದು ಸಮಾಧಾನ ಮಾಡಿಕೊಂಡೆ.

ಇನ್ನೊಂದು ವಿಚಿತ್ರ ಕಂಡದ್ದು ರಫೀಕನಿಗೆ. ಎದುರಿನ ರೈಡರ್ ಬಂದಾಗ ಹಿಡಿಯುವವರು ಕೈ ಕೈ ಹಿಡಿದು ಸರಪಳಿ ಕಟ್ಟುತ್ತಾರಲ್ಲ, ಆಗ ಎಲ್ಲರೂ ಕೈ ಹಿಡಿದಿರುತ್ತಿದ್ದರು. ತುದಿಯಲ್ಲಿ ನಿಂತ ದುರುಗಮ್ಮ ಮಾತ್ರ ಸೊಂಟದಿಂದ ಒಂದು ಹಳದಿ ಕರವಸ್ತ್ರ, ನಮ್ಮ ಕಡೆಯ ಮಾತಿನಲ್ಲಿ ದಸ್ತಿ, ತೆಗೆಯುವಳು. ಅದರ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಪಕ್ಕದವಳ ಕೈಯಲ್ಲಿ. ಬಿಸಿಲಿಗೆ ಬಿಗಿದು ನಿಂತ ಆ ಹಳದಿ ಬಟ್ಟೆಯನ್ನು ರಫೀಕ್ ನಿಧಾನಗತಿಯಲ್ಲಿ ಎಷ್ಟು ಚೆಂದ ಸೆರೆಹಿಡಿದನೆಂದರೆ ನೋಡಿದವರೆಲ್ಲ ಅಹಾ ಎಂದರು. ಪಕ್ಕದ ಹುಡುಗಿಯನ್ನು ಯಾಕೆಂದು ಕೇಳಿದರೆ, “ಅದು ನಮ್ಮಲ್ಲಿ ಹಂಗ ರೀ,” ಎಂದು ಓಡಿಹೋದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಬೆಂಗಳೂರಿನಲ್ಲಿ ಕೂತಿದ್ದರು. ನಿರೂಪಣೆಯಲ್ಲಿ ಬರೆದೇಬಿಟ್ಟರು: ‘ತೋಳಿನ ಉದ್ದ ಹೆಚ್ಚಿಸಲು ಹಳ್ಳಿಯ ಹುಡುಗಿಯರು ಕಂಡುಕೊಂಡ ಜಾಣ ತಂತ್ರ.’ ದುರುಗಮ್ಮನ ರೈಡುಗಳಿಗೆ ನಾನು ಭಂಡಾರದಿಂದ ಒಳ್ಳೊಳ್ಳೆ ಸಪ್ಪಳ ಆರಿಸಿ ಹಾಕಿದೆ. ಚಿತ್ರ ಭರ್ಜರಿಯಾಯಿತು.

ವೀಣಾ ಮೇಡಂಗೆ ಒಂದು ರೂಢಿಯಿತ್ತು. ಯಾರ ಬಗ್ಗೆ ಚಿತ್ರವೋ ಅವರಿಗೆ ಮೊದಲು ತೋರಿಸದೆ ಮುಗಿದ ಪ್ರತಿಯನ್ನು ವಾಹಿನಿಗೆ ಕಳಿಸುತ್ತಿರಲಿಲ್ಲ. ಹಾಗಾಗಿ ಒಂದು ಮಧ್ಯಾಹ್ನ ದುರುಗಮ್ಮನ ಮನೆಯಲ್ಲಿ, ಮಗುಚಿಟ್ಟ ಬುಟ್ಟಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತೆವು. ತಾಯಿ ಈರಮ್ಮ ಬಾಗಿಲ ಬಳಿ ಕೂತಿದ್ದಳು. ಮಗಳು ಪರದೆಗೆ ಮೂಗು ತಾಗುವಷ್ಟು ಹತ್ತಿರ. ತನ್ನ ಮುಖ ಬಂದಾಗ ನಾಚಿದಳು. ರೈಡ್ ಬಂತು. ನಾನು ಹಾಕಿದ ಸಪ್ಪಳ ಧಪ್ ಎಂದಿತು. ಅವಳ ನಗು ನಿಂತಿತು.

“ಇನ್ನೊಮ್ಮಿ ಹಚ್ರಿ,” ಎಂದಳು. ಹಚ್ಚಿದೆ. “ಈ ಸಪ್ಪಳ ಎಲ್ಲಿಂದ ಬಂತ್ರೀ?”

“ಹಿಡಿಯಾಕ ಬಂದಾಗ ಮೈ ಬಡೀತದಲ್ಲವ್ವಾ, ಅದು,” ಎಂದೆ.

“ನನ್ನ ಯಾರೂ ಹಿಡಿದಿಲ್ಲಲ್ರೀ.”

“ಹಿಡಿಯಾಕ ಬಂದ್ರಲ್ಲ.”

“ಯಾರೂ ಬಂದಿಲ್ರೀ.” ಅವಳು ಪರದೆಯ ಮೇಲೆ ಬೆರಳಿಟ್ಟಳು. “ನೋಡ್ರಿ, ನಾ ಕೈ ಚಾಚೂಕಿಂತ ಮೊದಲ ತಾವ ಗೆರಿ ದಾಟ್ಯಾರ. ನಾ ಮುಟ್ಟಿದ್ರ ಆಕಿ ಔಟ್, ಮನಿಗೆ ಹೋದ್ರ ತಲಿ ಮ್ಯಾಲೆ ನೀರ ಸುರಕೊಂಡ ಒಳಗ ಬಾ ಅಂತಾರ. ಮುಟ್ಟಿಸ್ಕೊಳ್ಳದ ಔಟ್ ಆದ್ರ ಬರೇ ಔಟ್. ಆಕಿ ಯಾಕ ಹಿಡೀತಾಳ್ರೀ ನನ್ನ?”

ಬಾಗಿಲಿನಿಂದ ಈರಮ್ಮ ಗದರಿಸಿದಳು. “ಸುಮ್ನಿರ ಬೇ. ನಾಳಿ ಇದ ಊರಾಗ ಬಾಳ್ವಿ ಮಾಡಬೇಕು.”

“ಖರೇನ ಹೇಳಿದ್ನೆವ್ವಾ.”

“ಮತ್ತ ದಸ್ತಿ?” ರಫೀಕ್ ಕೇಳಿದ.

“ಅದು ನಾನ ತಂದದ್ರೀ. ನನ್ನ ಕೈ ಯಾರೂ ಹಿಡಿಯಂಗಿಲ್ಲ, ಸರಪಳಿ ಅಲ್ಲೇ ಹರೀತಿತ್ತು, ಸೋಲತಿದ್ವಿ. ದಸ್ತಿ ಹಿಡಿಯಾಕ ಅಡ್ಡಿ ಇಲ್ಲ ಅಂದ್ರು. ಅವರ ಮ್ಯಾಲೆ ನಂಗೇನು ಸಿಟ್ಟಿಲ್ರೀ, ಕೂಡಿ ಆಡೋ ಹುಡುಗ್ಯಾರು. ನನ್ನಿಂದ ಪಾಯಿಂಟ್ ಬರ್ತಾವ, ಕರೀತಾರ. ನಾ ಹೋಗ್ತೀನಿ.”

ನಾನು ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವನು. ಚಹಾದಂಗಡಿಯಲ್ಲಿ ಬೇರೆ ಇಡುವ ಲೋಟಗಳನ್ನು ಸಣ್ಣಂದಿನಿಂದ ನೋಡಿದವನು. ಆದರೂ ಆಟದ ಅಂಕಣದೊಳಗೆ, ಒಬ್ಬರನ್ನೊಬ್ಬರು ಮುಟ್ಟುವುದೇ ನಿಯಮವಾಗಿರುವ ಆಟದೊಳಗೆ, ಅದು ಬಂದು ನಿಂತಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಮೈಕ್ ಸರಿಯಾಗಿಯೇ ಇತ್ತು. ಇಲ್ಲದ್ದನ್ನು ಇಲ್ಲ ಎಂದೇ ಹೇಳಿತ್ತು. ಅದರ ಬಾಯಿ ಮುಚ್ಚಿ ಮೇಲೆ ಭಂಡಾರದ ಸಪ್ಪಳ ಹೊದಿಸಿದ್ದು ನನ್ನ ಕಸುಬು.

ಮೇಡಂ ಚಿತ್ರ ನಿಲ್ಲಿಸಿದರು. ಆಮೇಲೆ, “ಏನ್ ಮಾಡೂಣು, ದುರುಗಮ್ಮ? ಇದನ್ನೆಲ್ಲ ಚಿತ್ರದಾಗ ಹೇಳೂಣೇನು?” ಎಂದು ಕೇಳಿದರು. ಈರಮ್ಮ ಎದ್ದು ನಿಂತಳು. ಅವಳ ಕಣ್ಣಿನಲ್ಲಿದ್ದ ಭಯ ನೋಡಲಾಗಲಿಲ್ಲ.

ದುರುಗಮ್ಮ ತಾಯಿಯನ್ನು ನೋಡಿದಳು, ಪರದೆಯನ್ನು ನೋಡಿದಳು. “ನೀವೇನೂ ಹೇಳಬ್ಯಾಡ್ರಿ. ಯಾರ ಹೆಸರೂ ಬ್ಯಾಡ. ಸಪ್ಪಳ ಒಂದು ತಗದ್ಬಿಡ್ರಿ, ದಸ್ತಿ ಮಾತೂ ತಗದ್ಬಿಡ್ರಿ. ತಿಳಿಯೋರಿಗೆ ತಿಳೀತದ.”

ಇಷ್ಟು ವರ್ಷ ಎಷ್ಟೋ ಸಂಕಲನಕಾರರ ಜೊತೆ ಕೂತಿದ್ದೇನೆ. ಇಂಥ ಮಾತು ಯಾರ ಬಾಯಿಂದಲೂ ಕೇಳಿರಲಿಲ್ಲ. ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ.

“ಒಂದು ಮಾತ್ರ ಮಾಡ್ರಿ. ರಾಯಚೂರಾಗ ಜಿಲ್ಲಾ ತಂಡದ ಆಯ್ಕಿ ಅದ. ಅಲ್ಲಿಗೆ ಬರ್ರಿ. ಅಲ್ಲಿ ನಾ ಯಾರಂತ ಯಾರಿಗೂ ಗೊತ್ತಿಲ್ಲ, ಹಿಡೀತಾರ. ನಾ ಚಲೋ ಆಡ್ತೀನೋ ಇಲ್ಲೋ ನಂಗ ಇವತ್ತಿನ ತನಕ ಗೊತ್ತಿಲ್ರೀ. ಯಾರರ ಹಿಡಿದ್ರ ತಾನ ಗೊತ್ತಾಗೋದು?”

ಗೆದ್ದು ಗೆದ್ದು ಬೇಸತ್ತವಳು ತಾನು ಆಟಗಾರ್ತಿಯೋ ಅಲ್ಲವೋ ಎಂದು ಕೇಳುತ್ತಿದ್ದಳು. ದೇವದುರ್ಗದ ಬಸ್‌ಸ್ಟ್ಯಾಂಡಿಗೆ ಬಂದು ಮಂಡಕ್ಕಿ ಒಗ್ಗರಣಿ, ಮಿರ್ಚಿ ಹೇಳಿ ಕೂತೆವು. ರಫೀಕ್ ಮುಟ್ಟಲಿಲ್ಲ. ಅವನ ಪಾಲಿನದನ್ನೂ ನಾನೇ ತಿಂದೆ. ಸಂಕಟವಾದಾಗ ನನಗೆ ಹಸಿವು ಜಾಸ್ತಿ.

ಬೆಂಗಳೂರಿನ ವಾಹಿನಿಯ ಹಿರಿಯರೊಬ್ಬರಿಗೆ ಮೇಡಂ ಫೋನ್ ಮಾಡಿದರು. “ಮೇಡಂ, ಕಬಡ್ಡಿ ಚಿತ್ರ ಅಂದ್ರೆ ಕಬಡ್ಡಿ ಮಾಡಿ. ಅದರೊಳಗೆ ಜಾತಿ ಎಲ್ಲಿಂದ ಬಂತು? ಜನಕ್ಕೆ ಗೆಲುವು ಬೇಕು,” ಎಂದರು ಅವರು.

“ನಾ ಏನೂ ಸೇರಸಾಕತ್ತಿಲ್ಲ ಸರ್. ಹಾಕಿದ ಸಪ್ಪಳ ತಗಸಾಕತ್ತೀನಿ, ಅಷ್ಟ.”

“ಸಪ್ಪಳ ಇಲ್ದಿದ್ರೆ ನೋಡೋರಿಗೆ ಏನೋ ಕೊರತೆ ಅನ್ಸುತ್ತಲ್ಲ?”

“ಅನಸ್ಲಿ ಸರ್,” ಎಂದು ಮೇಡಂ ಫೋನ್ ಇಟ್ಟರು.

ನಾನು ಕೂತು ಸಪ್ಪಳ ತೆಗೆದೆ. ಬರಿದಾದ ಧ್ವನಿಪಟ್ಟಿಯನ್ನು ಕೇಳುತ್ತ ಹೋದಂತೆ, ಅದು ಬರಿದಾಗಿರಲಿಲ್ಲ ಎಂಬುದು ಗೊತ್ತಾಯಿತು. ಅವಳ ದನಿ ಮುಂದೆ ಹೋಗುತ್ತಿತ್ತು. ಅದರ ಎದುರು ಮಣ್ಣಿನಲ್ಲಿ ಹಿಂದೆ ಹಿಂದೆ ಸರಿಯುವ ಕಾಲುಗಳ ಮೆಲ್ಲನೆಯ ಸಪ್ಪಳ ಕೇಳುತ್ತಿತ್ತು. ಅಷ್ಟು ದಿನ ನನ್ನ ಕಿವಿಯಲ್ಲೇ ಇದ್ದರೂ ನಾನು ಕೇಳಿರಲಿಲ್ಲ. ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಹೋಗಿ ನಿಂತೆ.

ಆಯ್ಕೆಯ ದಿನ ರಾಯಚೂರಿನ ಬಿಸಿಲು ಎಂದಿನಂತೆಯೇ ಇತ್ತು. ಈರಮ್ಮನೂ ಮಗಳ ಜೊತೆ ಬಂದು ಮೇಡಂ ಪಕ್ಕ ಕೂತಿದ್ದಳು. ಆಯ್ಕೆಗಾರರು ಕೊರಳ ಮೈಕಿಗೆ ಒಪ್ಪಲಿಲ್ಲ, ಪೆಟ್ಟಾಗುತ್ತದೆ ಎಂದರು; ಸರಿಯಾದ ಮಾತೇ. ಹಳೆಯ ಮುಂಗುಸಿಯನ್ನೇ ತೆಗೆದು, ಗೆರೆಯಾಚೆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದೆ. ನಿವೃತ್ತಿಯ ಹೊಸ್ತಿಲಲ್ಲಿದ್ದವನು ಹಾಗೆ ಮಲಗಿದ್ದನ್ನು ನೋಡಿ ಕೆಲವರು ನಕ್ಕರು. ತಾಲೂಕು ತಾಲೂಕಿನ ಹುಡುಗಿಯರನ್ನು ಬೆರೆಸಿ ಎರಡು ತಂಡ ಮಾಡಿದರು.

ದುರುಗಮ್ಮ ರೈಡಿಗೆ ಹೊರಟಳು. ನಡುಗೆರೆ ದಾಟಿದಳು. ಎದುರಿನ ಕಾಲುಗಳು ಹಿಂದೆ ಸರಿಯಲಿಲ್ಲ. ಅದು ಅವಳಿಗೆ ಹೊಸದು; ಒಂದು ಗಳಿಗೆ ಅವಳ ದನಿ ತಡವರಿಸಿದ್ದು ನನಗೆ ಕೇಳಿತು. ಅಷ್ಟರಲ್ಲಿ ಎಡಗಡೆಯಿಂದ ಒಬ್ಬಳು ಹಾರಿ ಕಣಕಾಲು ಹಿಡಿದಳು, ಇನ್ನೊಬ್ಬಳು ಸೊಂಟಕ್ಕೆ ಬಿದ್ದಳು, ಆಮೇಲೆ ಎಲ್ಲರೂ. ಧಪ್.

ಆ ಸಪ್ಪಳ ನನ್ನ ಭಂಡಾರದಲ್ಲಿ ಇರಲಿಲ್ಲ. ಮಣ್ಣು, ಮೂಳೆ, ಅಂಗೈ, ಉಸಿರು, ಎಲ್ಲ ಒಟ್ಟಿಗೆ ನೆಲಕ್ಕೆ ಬಿದ್ದ ಸಪ್ಪಳ. ನನ್ನ ಕಣ್ಣು ತುಂಬಿತು. ಈರಮ್ಮ ಗಾಬರಿಯಾಗಿ ಎದ್ದು, “ಯಾಕ ಹೊಡಿಯಾಕತ್ತಾರ್ರೀ ಆಕಿನ?” ಎಂದು ಕೂಗಿದಳು. ಮೇಡಂ ಅವಳ ತೋಳು ಹಿಡಿದು, “ಹೊಡಿಯಾಕತ್ತಿಲ್ಲವ್ವಾ, ಹಿಡಿದಾರ,” ಎಂದರು. ರಾಶಿಯ ಅಡಿಯಿಂದ ಕಬಡ್ಡಿ ಕಬಡ್ಡಿ ಎಂಬ ದನಿ ಇನ್ನೂ ಬರುತ್ತಿತ್ತು. ಅವಳು ಸುಮ್ಮನೆ ಸಿಕ್ಕಿಬಿದ್ದಿರಲಿಲ್ಲ. ಆರು ಮಂದಿಯನ್ನು ಹೊತ್ತು ನಡುಗೆರೆಯ ಕಡೆ ತೆವಳುತ್ತಿದ್ದಳು. ಗೆರೆಗೆ ಒಂದು ಗೇಣು ಇರುವಾಗ ಉಸಿರು ತೀರಿತು.

ಎದ್ದಳು. ಬಾಯಲ್ಲಿ ಮಣ್ಣು. ಕಣಕಾಲು ಹಿಡಿದಿದ್ದ ಹುಡುಗಿಯನ್ನು ನೋಡಿ, “ಹ್ಯಾಂಗ ಹಿಡದಿ?” ಎಂದಳು. “ಮುಂದಿನ ಸಲ ಹಿಡಿ ನೋಡೂಣು.”

“ಹಿಡೀತೀನಿ ಬಾ,” ಎಂದ ಆ ಹುಡುಗಿ ಮುಂದಿನ ಸಲವೂ ಹಿಡಿದಳು. ಆದರೆ ಆಗ ದುರುಗಮ್ಮ ಅವಳನ್ನೂ ಇನ್ನಿಬ್ಬರನ್ನೂ ಎಳೆದುಕೊಂಡೇ ಬಂದು ಬೆರಳ ತುದಿಯಿಂದ ಗೆರೆ ಮುಟ್ಟಿದಳು. ತಲೆಯೆತ್ತಿ ನಮ್ಮ ಕಡೆ ನೋಡಿದಳು. ಅವಳಿಗೆ ಉತ್ತರ ಸಿಕ್ಕಿತ್ತು.

ಅವಳ ತಂಡ ಹಿಡಿಯುವ ಸರದಿ ಬಂತು. ಪಕ್ಕದಲ್ಲಿ ನಿಂತವಳು ಮಾನ್ವಿಯ ಹುಡುಗಿ, ಗಟ್ಟಿಮುಟ್ಟಾದವಳು. ಅವಳು ಯಾರ ಪೈಕಿಯೋ ಗೊತ್ತಿಲ್ಲ, ನಾನು ಕೇಳಲಿಲ್ಲ. ರೈಡರ್ ಹೊರಡುವುದಕ್ಕೆ ಮುನ್ನ ದುರುಗಮ್ಮ ರೂಢಿಯಂತೆ ಸೊಂಟದಿಂದ ಹಳದಿ ದಸ್ತಿ ತೆಗೆದು ಒಂದು ತುದಿಯನ್ನು ಅವಳ ಕಡೆ ಚಾಚಿದಳು. ರಫೀಕ್ ಕ್ಯಾಮೆರಾದಿಂದ ಕಣ್ಣು ತೆಗೆದು ಬರಿಗಣ್ಣಿನಿಂದ ನೋಡಿದ. ಮಾನ್ವಿಯ ಹುಡುಗಿ ದಸ್ತಿಯನ್ನು ಪೂರ್ತಿ ಎಳೆದುಕೊಂಡಳು. ಹಣೆ, ಕೆನ್ನೆ, ಕತ್ತು, ಎಲ್ಲ ಒರೆಸಿಕೊಂಡಳು. “ಚಲೋ ಆತು ನೋಡ, ಕಣ್ಣಾಗ ಬೆವರ ಇಳ್ಯಾಕತ್ತಿತ್ತು,” ಎಂದು ಅದನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಇನ್ನೂ ಗಾಳಿಯಲ್ಲೇ ಚಾಚಿಕೊಂಡಿದ್ದ ದುರುಗಮ್ಮನ ಮಣಿಕಟ್ಟನ್ನು ಗಬಕ್ಕನೆ ಹಿಡಿದು, “ಗಟ್ಟಿ ಹಿಡಿ ಬೇ, ಬಂದ್ಲು,” ಎಂದಳು.

ದುರುಗಮ್ಮ ಹಿಡಿದಳು.

ಜಿಲ್ಲಾ ತಂಡದಲ್ಲಿ ಅವಳ ಹೆಸರು ಬಂತು. ಚಿತ್ರ ಅದೇ ಆರು ಮಂದಿಯ ಸಪ್ಪಳದಿಂದ ಮುಗಿಯಿತು, ಹಿನ್ನೆಲೆ ಸಂಗೀತವಿಲ್ಲದೆ. ಸೋತ ರೈಡನ್ನು ಕೊನೆಗೆ ಇಡುತ್ತಾರೆಯೇ ಎಂದು ಬೆಂಗಳೂರಿನವರು ಇವತ್ತಿಗೂ ಕೇಳುತ್ತಾರೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ: ಸಪ್ಪಳ ಇಲ್ಲದ ಕಡೆ ತುಂಬಲು ಹೋಗಬೇಡಿ. ಯಾಕಿಲ್ಲ ಎಂದು ಒಮ್ಮೆ ಹೋಗಿ ಕೇಳಿ.

ಅಂದು ಸಂಜೆ ಬಸ್ಸಿಗೆ ಕಾಯುವಾಗ ಈರಮ್ಮ ಮಗಳ ಸೊಂಟ ನೋಡಿ ಕೇಳಿದಳು. “ದಸ್ತಿ ಎಲ್ಲಿ ಬೇ?”

“ಆ ಮಾನ್ವಿ ಹುಡುಗಿ ಇಟಗೊಂಡ್ಲವ್ವಾ. ಮಾರಿ ಒರಸ್ಕೊಂಡ್ಲು.”

“ಮಾರಿ ಒರಸ್ಕೊಂಡ್ಲಾ? ನಿನ್ನ ದಸ್ತೀಲೆ?”

“ಹ್ಞೂಂ.”

ಈರಮ್ಮ ಮಗಳ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಮಣಿಕಟ್ಟಿನ ಸುತ್ತ ಐದು ಬೆರಳಿನ ಗುರುತು ಇನ್ನೂ ಎದ್ದು ಕಾಣುತ್ತಿತ್ತು. ಅದರ ಮೇಲೆ ತನ್ನ ಹೆಬ್ಬೆರಳು ಆಡಿಸಿ, “ನೋಯಾಕತ್ತದೇನು?” ಎಂದು ಕೇಳಿದಳು.

“ಹ್ಞೂಂ ಯವ್ವಾ,” ಎಂದು ದುರುಗಮ್ಮ ನಕ್ಕಳು. “ಚಲೋ ನೋಯಾಕತ್ತದ.”